ಎಮ್ಮೆ ಈದ ದಿನ ಹುಟ್ಟಿದ ಟೆನಿಸ್ ಆಟಗಾರ

ದೊಡ್ಡ ಟೆನಿಸ್ ಆಟಗಾರರು ಹುಟ್ಟಿದ ದಿನ ಲೋಕದಲ್ಲಿ ಏನೇನು ನಡೆಯಿತೆಂದು ಕೆಲವು ಪತ್ರಿಕೆಗಳು ಅಚ್ಚುಹಾಕುತ್ತವೆ. ಒಂದು ಕಡೆ ಸರ್ಕಾರ ಬಿತ್ತು, ಇನ್ನೊಂದು ಕಡೆ ಜ್ವಾಲಾಮುಖಿ ಎದ್ದಿತು, ನಡುವೆ ಇವರು ಹುಟ್ಟಿದರು. ಜ್ವಾಲಾಮುಖಿಯನ್ನು ಎಬ್ಬಿಸಿದ್ದೂ ಈ ಕೂಸೇ ಎಂದು ನಾವು ನಂಬಬೇಕು. ನನಗೆ ಗೊತ್ತಿದ್ದ ವೃತ್ತಿಪರ ಟೆನಿಸ್ ಆಟಗಾರ ಒಬ್ಬನೇ, ದ್ಯಾವಪ್ಪ.

ಅರವತ್ತರ ದಶಕದ ಮೊದಲಲ್ಲಿ, ಅಣೆಕಟ್ಟಿನ ಕೆಲಸಕ್ಕೆಂದು ಸಾಗರಕ್ಕೆ ಇಂಜಿನಿಯರುಗಳು ಬಂದರು. ಅವರ ಹಿಂದೆಯೇ ಒಂದು ಕ್ಲಬ್ಬು, ಕೆಮ್ಮಣ್ಣಿನ ಟೆನಿಸ್ ಅಂಗಳ ಬಂದವು. ನಾನು ಅಲ್ಲಿ ಗುಮಾಸ್ತ, ದ್ಯಾವಪ್ಪ ಮಾರ್ಕರ್. ಅಂದರೆ, ಜೊತೆ ಸಿಗದ ಸಾಹೇಬರ ಎದುರು ನಿಂತು ಆಡಲು ಸಂಬಳ ಪಡೆಯುವವನು. ಆಡಿ ಸಂಬಳ ತರುತ್ತಿದ್ದನಲ್ಲ, ವೃತ್ತಿಪರನೇ ಸರಿ.

ನೆಂಟರ ಮದುವೆಯೊಂದರಲ್ಲಿ ತೀರ್ಥಹಳ್ಳಿಯ ನಿವೃತ್ತ ಮೇಷ್ಟರ ಮಗಳು ಕಮಲಳನ್ನು ನೋಡಿ ಬಂದ ಮೇಲೆ ಅವನ ಚೆಂಡುಗಳೆಲ್ಲ ಬಲೆಗೇ ಬೀಳತೊಡಗಿದವು. ನೆಂಟರ ಮೂಲಕ ಹೆಣ್ಣು ಕೇಳಿಸಿದಾಗ ಮೇಷ್ಟರು ಹೇಳಿಕಳಿಸಿದರು: "ಹುಡುಗ ಅಡ್ಡಿಲ್ಲ. ಹುಟ್ಟಿದ ತಾರೀಕು, ಹೊತ್ತು ತರ್ಲಿ. ಜಾತಕ ಕೂಡದೆ ಮಾತಿಲ್ಲ." ಬೇರೊಬ್ಬ ಹುಡುಗ ಜಾತಕ ಹಿಡಿದುಕೊಂಡೇ ಕಾಯುತ್ತಿದ್ದನಂತೆ.

ಹೊಸನಗರದ ಹತ್ತಿರದ ಅವನ ಊರಿಗೆ ಇಬ್ಬರೂ ಹೋದೆವು. ಅವನ ತಾಯಿ ಅಕ್ಕಿ ಕೇರುತ್ತಿದ್ದಳು.

"ತಾರೀಕು ಎಂತದೋ ಮಾರಾಯ? ನಮ್ಮ ಬೆಳ್ಳಿ ಎಮ್ಮೆ ಈದ ದಿನ ನೀ ಹುಟ್ಟಿದ್ದು. ಸೂಲಗಿತ್ತಿ ಒಬ್ಳೇ. ಕೊಟ್ಟಿಗೆಗೂ ಒಳಗೂ ಓಡಾಡಿ ಸುಸ್ತಾಗಿದ್ಲು."

ನಾನು ಪತ್ರಿಕೆ ಓದುವವನ ಜಂಬದಲ್ಲಿ ಕೇಳಿದೆ: "ಆಗ ದೊಡ್ಡ ಯುದ್ಧ ನಡೀತಿತ್ತಾ, ನೆನಪು ಮಾಡ್ಕೊಳಿ."

"ಯಾರ ಮನೆಯವ್ರ ಜೊತೆಗೆ?" ಎಂದಳು ಆಕೆ.

ಪಕ್ಕದ ಮನೆಯಾಕೆ ಬಂದು, ಪಟೇಲರ ಮೀಸೆಗೆ ಬೆಂಕಿ ಹತ್ತಿದ್ದೂ ಅವತ್ತೇ ಎಂದಳು. ಇಲ್ಲ, ಅದು ಬೆಳ್ಳಿಯ ಎರಡನೇ ಸೂಲಿಗೆ ಎಂದು ಈಕೆ. ಇಬ್ಬರಿಗೂ ಜಗಳ ಹತ್ತಿತು. ನಾವು ಬಸ್ಸು ಹತ್ತಿದೆವು.

"ಬಾಯಿಗೆ ಬಂದ ಒಂದು ತಾರೀಕು ಹೇಳಿಬಿಡು, ಯಾರು ನೋಡಿದಾರೆ?" ಎಂದೆ.

"ಸುಳ್ಳು ತಾರೀಕಿಗೆ ಜಾತಕ ಕೂಡಿದ್ರೆ, ಅವಳು ಮದ್ವೆ ಆಗೋದು ಯಾರನ್ನ?" ಎಂದ.

ತೀರ್ಥಹಳ್ಳಿಯಲ್ಲಿ ಅವನು ಮೇಷ್ಟರ ಮುಂದೆ ಕೈಕಟ್ಟಿ ನಿಂತು, "ತಾರೀಕು ಗೊತ್ತಿಲ್ಲ. ಎಮ್ಮೆ ಈದ ದಿನ" ಎಂದುಬಿಟ್ಟ. ಮೇಷ್ಟರು ಕನ್ನಡಕ ತೆಗೆದರು. ಕೆಲಸ ಕೆಟ್ಟಿತು ಎಂದು ನಾನು ಚಪ್ಪಲಿ ಹುಡುಕತೊಡಗಿದೆ.

ಒಳಗಿಂದ ಮೇಷ್ಟರ ತಾಯಿಯ ದನಿ ಬಂತು: "ಕರ ಹೆಣ್ಣೋ, ಗಂಡೋ?"

"ಹೆಣ್ಣು, ಅಜ್ಜಿ."

"ಬದುಕ್ತಾ?"

"ಬದುಕ್ತು. ಅದ್ರ ಹಾಲು ಕುಡ್ದೇ ನಾ ಬೆಳ್ದಿದ್ದು."

"ತಾಯಿ, ಮಗ, ಎಮ್ಮೆ, ಕರ ಎಲ್ಲ ಒಂದೇ ದಿನ ಉಳ್ಕೊಂಡಿದಾವೆ. ಇನ್ನೆಂತ ಒಳ್ಳೆ ದಿನ ಬೇಕೋ ನಿಂಗೆ?" ಎಂದು ಮುದುಕಿ ಮಗನನ್ನೇ ಗದರಿದಳು. ಮೇಷ್ಟರು ಕನ್ನಡಕ ಹಾಕಿಕೊಂಡು, "ಕಾಫಿ ತಗೊಂಬಾರೇ ಕಮಲಾ" ಎಂದರು.

ವಾಪಸು ಹೊರಡುವಾಗ ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡೆ. ಮನುಷ್ಯನೊಬ್ಬ ಮೊದಲ ಸಲ ಆಕಾಶಕ್ಕೆ ಹಾರಿ, ಭೂಮಿಗೇ ಒಂದು ಸುತ್ತು ಹಾಕಿ ಇಳಿದಿದ್ದನಂತೆ. ನನಗೆ ಮೈ ಜುಂ ಎಂದಿತು. ಬಸ್ಸಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದೆ. ದ್ಯಾವಪ್ಪ ಕೊನೆಯವರೆಗೂ ಮರ್ಯಾದೆಯಿಂದ ಕೇಳಿಸಿಕೊಂಡ.

"ಹೌದಾ?" ಎಂದ. ಆಮೇಲೆ ನನ್ನ ಕಡೆ ಬಗ್ಗಿ, "ಲೋಟ ಕೊಡುವಾಗ ಅವಳು ನಕ್ಳು. ನೀವು ನೋಡಿದ್ರಾ?"