ಅಕ್ಕನ ಊರಿಗೆ ಸೈಕಲ್ಲಿನಲ್ಲಿ

ಅವ್ವನನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ, ಅಕ್ಕನ ಊರಿಗೆ ಸುದ್ದಿ ಮುಟ್ಟಿಸಲು ಯಾರು ಹೋಗುವುದೆಂಬ ಮಾತು ಬಂತು. ಸಾತನೂರಿನಿಂದಾಚೆ ಕಾಡಂಚಿನ ಹಳ್ಳಿ. ತಂತಿ ಕೊಟ್ಟರೂ ತಲುಪುವುದು ಎಂದೋ. ಮೂರನೇ ದಿನದ ಹಾಲುತುಪ್ಪಕ್ಕಾದರೂ ಮಗಳು ಬರಬೇಕಲ್ಲ. "ನಾನೇ ಹೋಗ್ತೀನಿ" ಎಂದು ಸೈಕಲ್ ಹೊರಗೆ ತೆಗೆದೆ. ಬಸ್ಸಿನಲ್ಲಿ ಹೋಗು ಎಂದು ಅಣ್ಣ ಹೇಳಿದ. ಬಸ್ಸಿನಲ್ಲಿ ಗುರುತಿನವರು ಇರುತ್ತಾರೆ, ಮಾತಾಡಿಸುತ್ತಾರೆ. ನನಗೆ ಅದು ಬೇಡವಾಗಿತ್ತು. ಎಲ್ಲರೂ ನನ್ನನ್ನು ಒಳ್ಳೆಯ ತಮ್ಮ ಎಂದುಕೊಂಡರು.

ಎಲ್ಲಿಯ ಒಳ್ಳೆಯತನ! ಜರಗನಹಳ್ಳಿಯ ನಮ್ಮ ಮನೆಯಲ್ಲಿ ಓದುಬರಹ ಬಲ್ಲವನು ನಾನೊಬ್ಬನೇ. ಹದಿನೈದು ದಿನದ ಹಿಂದೆ ಅವ್ವ ಜ್ವರದಲ್ಲಿ ಮಲಗಿ, "ಅಕ್ಕಂಗೆ ಒಂದು ಕಾರ್ಡ್ ಬರಿಯಪ್ಪ, ಬಂದು ಮುಖ ತೋರಿಸ್ಬಿಟ್ಟು ಹೋಗ್ಲಿ" ಎಂದಿದ್ದಳು. ಅವ್ವನಿಗೆ ನೆಗಡಿಯಾದರೂ ಅಕ್ಕ ಬರಬೇಕು. ನಾನು ಹೂಂ ಅಂದು ಮರೆತೆ. ಮೂರು ದಿನ ಬಿಟ್ಟು ಕೇಳಿದಾಗ "ಹಾಕಿ ಬಂದೆ" ಎಂದುಬಿಟ್ಟೆ. ಜಯನಗರದಲ್ಲಿ ಆಗತಾನೇ ಎದ್ದಿದ್ದ ಮನೆಗಳಿಗೆ ಹಾಲು ಕೊಡಲು ದಿನಾ ಹೋಗುತ್ತಿದ್ದೆ, ಅಂಚೆಡಬ್ಬಿ ದಾರಿಯಲ್ಲೇ ಇತ್ತು. ಆಮೇಲಾದರೂ ಬರೆದು ಹಾಕಬಹುದಿತ್ತು. ಹಾಕಲಿಲ್ಲ. ಸೋಮಾರಿತನ, ಅಷ್ಟೇ, ಬೇರೆ ಕಾರಣ ಹುಡುಕಿದರೆ ಅದೂ ಸುಳ್ಳಾಗುತ್ತದೆ.

ಕನಕಪುರದ ಬಸ್ಸಿನ ಸದ್ದಾದಾಗಲೆಲ್ಲ ಅವ್ವ ದಿಂಬಿನಿಂದ ತಲೆ ಎತ್ತುತ್ತಿದ್ದಳು. "ಕಾರ್ಡ್ ಹಾಕಿದ್ರೂ ಬರಲಿಲ್ಲ ನೋಡು" ಎಂದು ಅಣ್ಣ ಅಕ್ಕನ ಮೇಲೆ ಹಲ್ಲು ಕಡಿಯುತ್ತಿದ್ದ. ಸುದ್ದಿ ಹೇಳಲು ಅವನೇ ಹೋಗಿದ್ದರೆ ಮೊದಲ ಮಾತಿಗೇ ನನ್ನ ಬಣ್ಣ ಬಯಲಾಗುತ್ತಿತ್ತು. ಅದಕ್ಕೇ ನಾನು ಹೊರಟದ್ದು. ಅಕ್ಕನೆದುರು ನಾನಾಗಿಯೇ ನಿಜ ಹೇಳಿಬಿಡಬೇಕು ಎಂದುಕೊಂಡಿದ್ದೆ.

ಕಗ್ಗಲೀಪುರ ಕಳೆಯಿತು, ಹಾರೋಹಳ್ಳಿ ಕಳೆಯಿತು. ಹುಣಸೆಮರ, ಮೈಲಿಗಲ್ಲು, ಮತ್ತೆ ಹುಣಸೆಮರ. ಅಳು ಬರುತ್ತದೇನೋ ಎಂದು ಕಾದೆ. ಬಂದದ್ದು ಹಸಿವು. ಕನಕಪುರದ ಹೋಟೆಲ್ಲಿನಲ್ಲಿ ನಾಲ್ಕು ಇಡ್ಲಿ ತಿಂದೆ. ಚಟ್ನಿಗೆ ಉಪ್ಪು ಸಾಲದು ಎಂದು ಹೋಟೆಲಿನವನಿಗೆ ಹೇಳಿದೆ ಕೂಡ. ಅವ್ವ ಸತ್ತ ಮಾರನೇ ದಿನ ನನಗೆ ಚಟ್ನಿಯ ಉಪ್ಪಿನ ಚಿಂತೆ!

ಸಾತನೂರು ದಾಟಿದ ಮೇಲೆ ಟಾರು ಮುಗಿಯಿತು. ಕುರುಚಲು ಕಾಡು, ಬಂಡೆ, ಕೆಮ್ಮಣ್ಣಿನ ಗಾಡಿಜಾಡು. ಏರಿನಲ್ಲಿ ಇಳಿದು ತಳ್ಳಿದೆ. ಒಂದು ಗಂಟೆ ಹೊತ್ತು ನರಪಿಳ್ಳೆಯ ಸುಳಿವಿಲ್ಲ. "ಅಕ್ಕ, ನಾನು ಕಾರ್ಡ್ ಹಾಕಲೇ ಇಲ್ಲ" ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ಸಲೀಸಾಗಿ ಬಂತು. ಹ್ಯಾಂಡಲ್ ಹಿಡಿದೂ ಹಿಡಿದೂ ಕೈ ಜೋಮು ಹಿಡಿದಿತ್ತು. ಎದೆಯೊಳಗೂ ಹಾಗೇ ಇತ್ತು, ಏನೂ ತಿಳಿಯುತ್ತಿರಲಿಲ್ಲ.

ಅಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. "ಏನ್ಲಾ, ಸೈಕಲ್ನಾಗೇ ಬಂದ್ಯಾ ಅಷ್ಟ್ ದೂರದಿಂದ?" ಎಂದು ನಗುತ್ತಾ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು. ನಮ್ಮಲ್ಲಿ ಸಾವಿನ ಸುದ್ದಿ ತಂದವನು ಅದನ್ನು ಹೇಳುವ ತನಕ ಆ ಮನೆಯ ನೀರು ಮುಟ್ಟುವುದಿಲ್ಲ. ನಾನು ಕೈ ಚಾಚಲಿಲ್ಲ. ಅವಳು ಚೊಂಬನ್ನು ನೋಡಿದಳು, ನನ್ನನ್ನು ನೋಡಿದಳು.

"ಅವ್ವನಾ?"

ಹೂಂ ಅಂದೆ. ಅವಳು ಅಲ್ಲೇ ಕುಸಿದು ಎದೆ ಬಡಿದುಕೊಂಡು ಅತ್ತಳು. "ಮೊದ್ಲೇ ಒಂದ್ ಮಾತು ತಿಳಿಸ್ಬಾರ್ದಾಗಿತ್ತೇನ್ಲಾ? ಓಡ್ ಬತ್ತಿರ್ಲಿಲ್ವಾ ನಾನು?"

ಹೇಳಬೇಕಾದ ಹೊತ್ತು ಅದೇ. ನಾನು ಹೇಳಿದ್ದು ಇಷ್ಟು: "ಕಾರ್ಡ್ ಹಾಕಿದ್ನಲ್ಲಕ್ಕ. ಹದಿನೈದು ದಿನ ಆಯ್ತು."

ಅವಳ ಅಳು ತಟ್ಟನೆ ನಿಂತಿತು. ಆ ಹಳ್ಳಿಯ ತನಕ ಅಂಚೆಯವನು ಬರುತ್ತಿರಲಿಲ್ಲ. ಸಾತನೂರಿನ ಅಂಗಡಿಯೊಂದರಲ್ಲಿ ಇಟ್ಟಿರುತ್ತಿದ್ದ ಕಾಗದಗಳನ್ನು ಸಂತೆಯ ದಿನ ಭಾವ ತರುತ್ತಿದ್ದರು. ರಾಗಿ ಕೊಯ್ಲಿನ ಕಾಲ ಬೇರೆ. ಕಣದಿಂದ ಆಗತಾನೇ ಬಂದು ನಿಂತಿದ್ದ ಭಾವನ ಮೇಲೆ ಅವಳು ಎರಗಿದಳು. "ಕೊಯ್ಲಿಗೆ ಆಳಿಲ್ಲಾಂತ ಕಾರ್ಡ್ ಮುಚ್ಚಿಟ್ರಾ? ನಮ್ಮವ್ವನ ಮುಖ ನೋಡ್ದಂಗೆ ಮಾಡಿದ್ರಲ್ಲಾ!"

"ಬಂದೇ ಇಲ್ಲ ಕಣಮ್ಮಿ, ನಿನ್ನಾಣೆ" ಎಂದರು ಭಾವ. ಅವಳು ನಂಬಲಿಲ್ಲ.

ಸಂಜೆಯ ಬಸ್ಸಿಗೆ ಹೊರಡಲು ಅವಳು ಬಟ್ಟೆ ಕಟ್ಟುತ್ತಿದ್ದಾಗ ಭಾವ ನನ್ನ ಪಕ್ಕ ಬಂದು ಕೂತರು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. "ನೀನಾದ್ರೂ ನಂಬಪ್ಪ, ಕಾರ್ಡ್ ಬಂದಿರ್ಲಿಲ್ಲ" ಎಂದರು.

"ನಂಬ್ತೀನಿ ಭಾವ" ಅಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

ಆಮೇಲೂ ಅವರು ಬಹಳ ವರ್ಷ ಬದುಕಿದ್ದರು. ಪ್ರತಿ ವರ್ಷ ಅವ್ವನಿಗೆ ಎಡೆ ಇಡುವ ದಿನ ಅಕ್ಕ ಆ ಕಾರ್ಡಿನ ಮಾತೆತ್ತಿ ಅವರನ್ನು ಹಂಗಿಸುತ್ತಿದ್ದಳು. ಅವರು ನನ್ನ ಕಡೆ ನೋಡುತ್ತಿದ್ದರು, ತಮ್ಮನ್ನು ನಂಬಿದವನು ಆ ಮನೆಯಲ್ಲಿ ಒಬ್ಬನಾದರೂ ಇದ್ದಾನೆ ಎಂಬಂತೆ.