ತೊಟ್ಟಿಕ್ಕುವ ಗಡಿಗೆಗೆ ಹೆದರಿದ ಬೀಗರು

ಹೋದ ರವಿವಾರ ಚಿತ್ತಾಪುರದಲ್ಲಿ ನಮ್ಮಣ್ಣನ ಪಡಸಾಲೆ ತುಂಬಿತ್ತು. ಹೆಣ್ಣು ನೋಡಲು ಸೇಡಂನಿಂದ ಬಂದ ಹುಡುಗ, ಅವನ ತಂದೆ, ಸೋದರತ್ತೆ. ಈ ಕಡೆ ಅಣ್ಣ, ಅತ್ತಿಗೆ, ನಾನು. ಅಣ್ಣನ ಮಗಳು ಶಾಂತಾ ಚಹಾ ಕೊಟ್ಟು ಕೂತಿದ್ದಳು. ಹುಡುಗ ಕದ್ದು ಕದ್ದು ನೋಡುತ್ತಿದ್ದ. (ಒಪ್ಪಿದ ಅಂತಲೇ ನನ್ನ ಲೆಕ್ಕ.)

ಅಷ್ಟರಲ್ಲಿ ಕೈ ತೊಳೆಯಲು ಒಳಗೆ ಹೋದ ಸೋದರತ್ತೆ ಚೀರಿದರು.

"ಏ ಯವ್ವಾ! ಹುಡುಗಿ ಹಾಸಿಗಿ ಬಾಜೂಕ ತೂತು ಗಡಿಗಿ ನೇತಾಡ್ಲಿಕತ್ತದ! ಸುಡಗಾಡಿನ ಗಡಿಗಿ ಯಾರರ ಮನ್ಯಾಗ ಇಡತಾರೇನ್ರಿ?"

ತೂತು ಗಡಿಗೆ ಹೊತ್ತು ಚಿತೆಗೆ ಸುತ್ತು ಹಾಕುತ್ತಾರೆ, ನಿಜ. ಆದರೆ ಶಾಂತಾಳ ಗಡಿಗೆಯ ಸಂಗತಿಯೇ ಬೇರೆ.

ಹಿಂದೊಮ್ಮೆ ಅವಳಿಗೆ ಜ್ವರ ಬಂತು. ಜ್ವರ ಹೋಯಿತು, ಕಿವಿಯೊಳಗೆ ಗುಂಯ್ ಅನ್ನುವ ಸಪ್ಪಳ ಉಳಿಯಿತು. ಹಗಲು ಹೇಗೋ ಸಾಗುತ್ತದೆ. ಊರು ಮಲಗಿದ ಮೇಲೆ ಅದರದೇ ರಾಜ್ಯ. ಬೆಳ್ಳುಳ್ಳಿ ಎಣ್ಣೆ ಬಿಟ್ಟರು, ತಾಯಿತ ಕಟ್ಟಿದರು. ಕೊನೆಗೆ ಡಾಕ್ಟರು ಹೇಳಿದರು: "ಇದಕ್ಕ ಗುಳಿಗಿ ಇಲ್ಲವ್ವ. ಮಲಗೋ ಮುಂದ ಬಾಜೂಕ ಏನರ ಸಣ್ಣ ಸಪ್ಪಳ ಇರಲಿ." ಟ್ರಾನ್ಸಿಸ್ಟರ್ ಹಚ್ಚಿದರೆ ಮನೆಯವರಿಗೆ ನಿದ್ದೆ ಇಲ್ಲ. ಶಾಂತಾ ತಾನೇ ಗಡಿಗೆಗೆ ಸೂಜಿಯಷ್ಟು ತೂತು ಮಾಡಿ, ನೀರು ತುಂಬಿ ತೂಗುಹಾಕಿ, ಕೆಳಗೆ ತಾಟು ಇಟ್ಟಳು. ಟಪ್, ಟಪ್. ನಿದ್ದೆ ಬಂತು!

ಇದನ್ನೆಲ್ಲ ಬಿಡಿಸಿ ಹೇಳಿದೆ. ಹುಡುಗನ ತಂದೆ ಕೇಳಿದ್ದೇನು ಗೊತ್ತೇ?

"ಕಿವ್ಯಾಗ ಯಾರು ಮಾತಾಡತಾರವ್ವ? ಗಂಡಸಿನ ದನಿನೋ, ಹೆಣ್ಣಿಂದೋ?"

"ದನಿ ಅಲ್ರಿ ಮಾಮಾ, ಬರೇ ಗುಂಯ್ ಅಂತದ," ಅಂದಳು ಶಾಂತಾ.

ದೆವ್ವವೇ ಅಂತ ಖಾತ್ರಿಯಾಗಿ ಮೂವರೂ ಎದ್ದು ಹೋದರು.

ನೀವೇ ಹೇಳಿ. ಕಣ್ಣು ಮಂಜಾದರೆ ಚಸ್ಮಾ ಹಾಕುತ್ತೇವೆ, ಅದು ಅಪಶಕುನವೇ? ಕಾಲು ಉಳುಕಿದರೆ ಓಣಿಗೆ ಓಣಿಯೇ ಮರುಗುತ್ತದೆ. ರಕ್ತ ಬರದ, ಬಾವು ಕಾಣದ ಬೇನೆಗೆ ಮಾತ್ರ ಪ್ರೂಫ್ ಬೇಕೇ? ಇನ್ನೊಬ್ಬರ ಕಿವಿಯೊಳಗೆ ಇಣುಕಲು ಬರುವುದಿಲ್ಲ ಅಂದಮೇಲೆ ಅವರು ಹೇಳಿದ್ದನ್ನು ನಂಬಲು ಏನು ಧಾಡಿ?

ಬುಧವಾರ ಸೇಡಂನಿಂದ ಮಾತು ಬಂತು. ಗಡಿಗೆ ಒಡೆದು ಹಾಕಿದರೆ ದೆವ್ವ ಬಿಡುತ್ತದಂತೆ, ಸಂಬಂಧಕ್ಕೂ ಒಪ್ಪಿಗೆಯಂತೆ. (ಗಡಿಗೆ ಒಡೆದರೆ ಕಿವಿ ಸುಮ್ಮನಾಗುತ್ತದೆಯೇ? ಯಾರೂ ಕೇಳಲಿಲ್ಲ.) ಅಣ್ಣ ಗಡಿಗೆ ಬಿಚ್ಚಿ ಕೈಗೆ ತೆಗೆದುಕೊಂಡೇಬಿಟ್ಟ.

"ಒಡೀರಿ ಅತ್ಲಾಗ, ಇಂಥ ಮನಿತನ ಮತ್ತ ಸಿಗಲ್ಲ," ಅಂದಳು ಅತ್ತಿಗೆ.

ಶಾಂತಾ ಅಳಲಿಲ್ಲ. "ಒಡಿ ಅಪ್ಪಾ. ಆದ್ರ ಲಗ್ನ ಆದಮ್ಯಾಗ ನಾ ನಿದ್ದಿಗೆಟ್ಟು ಗ್ವಾಡಿಗೆ ಆನಿಕೊಂಡು ಕುಂತಾಗ ಆ ಮನ್ಯಾಗ ನನಗ ಏನಂತಾರ, ಅದನ್ನೂ ಈಗೇ ಹೇಳಿಬಿಡು."

ಅಣ್ಣ ಗಡಿಗೆ ಕೆಳಗಿಟ್ಟು ಹೊರಗೆ ಹೋದ.

ಆ ಸಂಜೆ ಅದಕ್ಕೆ ನೀರು ತುಂಬಿ ಮತ್ತೆ ತೂಗುಹಾಕಿದವಳು ಅತ್ತಿಗೆ.