ಗೋಡೆ ನೋಡುತ್ತಿದ್ದ ಬಿರಾಜದಾರ ಸರ್

ಬಿರಾಜದಾರ ಸರ್ ಯಾವ ಕೋಣೆಗೆ ಹೋದರೂ ಮೊದಲು ಗೋಡೆಯನ್ನು ನೋಡುತ್ತಿದ್ದರು, ಆಮೇಲೆ ಮನುಷ್ಯರನ್ನು. ಪ್ರಿನ್ಸಿಪಾಲರ ಕೋಣೆಯಾಗಲಿ, ಚಹಾದ ಅಂಗಡಿಯಾಗಲಿ, ಮದುವೆಯ ಮಂಗಲ ಕಾರ್ಯಾಲಯವಾಗಲಿ, ಬಾಗಿಲಲ್ಲಿ ಒಂದು ಗಳಿಗೆ ನಿಂತು, ಕುತ್ತಿಗೆ ವಾಲಿಸಿ, ಛಾವಣಿಯಿಂದ ನೆಲದವರೆಗೆ ಕಣ್ಣಾಡಿಸಿಯೇ ಒಳಗೆ ಕಾಲಿಡುವರು. ಎಲ್ಲಾದರೂ ಬಿರುಕು ಕಂಡರೆ ಮುಖ ಅರಳುತ್ತಿತ್ತು. ಬಿರುಕಿಗೆ ಮರಾಠಿಯಲ್ಲಿ ‘ಭೇಗ’ ಎನ್ನುತ್ತಾರೆ. ನಮ್ಮ ಕಾಲೇಜಿನಲ್ಲಿ ಅವರ ಹೆಸರು ‘ಭೇಗ ಸರ್’ ಎಂದೇ ನಡೆದುಬಂದಿತ್ತು. ಅದು ಅವರಿಗೂ ಗೊತ್ತಿತ್ತು.

ಗಡಿಯಾಚೆ ಮರಾಠಿ ಸೀಮೆಯಲ್ಲಿ, ನಿಲಂಗಾದಿಂದ ಉದಗೀರಕ್ಕೆ ಹೋಗುವ ದಾರಿಯಲ್ಲಿ, ತೊಗರಿ ಮತ್ತು ಸೋಯಾಬೀನ್ ಹೊಲಗಳ ನಡುವೆ ಎದ್ದ ಖಾಸಗಿ ಇಂಜಿನಿಯರಿಂಗ್ ಕಾಲೇಜು ನಮ್ಮದು. ನಾನು ಅಲ್ಲಿ ಸಿವಿಲ್ ಓದುತ್ತಿದ್ದೆ. ಬಿರಾಜದಾರ ಸರ್ ನಮಗೆ ಮಣ್ಣು ಮತ್ತು ಅಡಿಪಾಯದ ವಿಷಯ ಕಲಿಸುತ್ತಿದ್ದರು.

ಮೊದಲ ದಿನ ಅವರು ತರಗತಿಗೆ ಬಂದು ಹೆಸರು ಹೇಳಲಿಲ್ಲ, ಹಾಜರಿ ಕೂಗಲಿಲ್ಲ. ನಮ್ಮ ಬೆನ್ನ ಹಿಂದಿನ ಗೋಡೆಯನ್ನೇ ನೋಡುತ್ತ ನಿಂತರು. ನಾವೂ ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿದೆವು. ಕಿಟಕಿಯ ಮೂಲೆಯಿಂದ ಕೂದಲೆಳೆಯಂಥ ಒಂದು ಬಿರುಕು ಓರೆಯಾಗಿ ಹೊರಟಿತ್ತು. "ಇದು ಮೇಲೆ ಅಗಲವಾಗಿದೆಯೋ, ಕೆಳಗೆ ಅಗಲವಾಗಿದೆಯೋ?" ಎಂದು ಮರಾಠಿಯಲ್ಲಿ ಕೇಳಿದರು. ಯಾರೋ ಮೇಲೆ ಅಂದರು, ಯಾರೋ ಕೆಳಗೆ ಅಂದರು. ಬೆಂಚಿನ ಮೇಲೆ ಹತ್ತಿ ನೋಡಲು ಅವರೇ ಹೇಳಿದರು. ವಾದ ನಡೆಯಿತು, ಗಂಟೆ ಹೊಡೆಯಿತು. "ನನಗೂ ಗೊತ್ತಿಲ್ಲ, ನಾಳೆ ನೋಡೋಣ" ಎಂದು ಹೊರಟುಹೋದರು. ನೋಟ್‌ಬುಕ್ಕಿನಲ್ಲಿ ತಾರೀಖು ಬರೆದುಕೊಂಡು ಕೂತಿದ್ದ ನಮಗೆ ಅದರ ಕೆಳಗೆ ಬರೆಯಲು ಏನೂ ಸಿಕ್ಕಿರಲಿಲ್ಲ.

ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಜಳಕೋಟದ ಅಶ್ವಿನಿ ನನಗಿಂತ ಒಂದು ವರ್ಷ ಮುಂದಿನವಳು. ಯಾವ ಸರ್ ಒಳ್ಳೆಯವರು, ಯಾರು ಕೆಟ್ಟವರು ಎಂಬ ತೀರ್ಪೆಲ್ಲ ಹಳೆಯ ವಿದ್ಯಾರ್ಥಿಗಳಿಂದ ಹೊಸಬರಿಗೆ ದಾಟುತ್ತದೆ. ಅವಳು ಅದನ್ನು ನನಗೆ ದಾಟಿಸಿದಳು.

"ಜಾಧವ ಸರ್ ಛಲೊ. ನೋಟ್ಸ್ ಕೊಡ್ತಾರ, ಏನು ಬರ್ತದ ಏನು ಬರಲ್ಲ ಹೇಳ್ತಾರ. ಭೇಗ ಸರ್ ಖರಾಬ. ಪೋರ್ಷನ್ ಮುಗಸಲ್ಲ. ಕೇಳಿದ್ರ ಗೊತ್ತಿಲ್ಲ ಅಂತಾರ. ಗೊತ್ತಿಲ್ದಿದ್ರ ಪಗಾರ ಯಾಕ ತಗೋಬೇಕು?"

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಜಾಧವ ಸರ್ ನಿಜವಾಗಿಯೂ ಒಳ್ಳೆಯ ಮೇಷ್ಟ್ರು. ಅಚ್ಚುಕಟ್ಟಾಗಿ ಬರೆಸುತ್ತಿದ್ದರು, ಹಿಂದೆ ಬಿದ್ದವರನ್ನು ಸಂಜೆ ಕೂರಿಸಿಕೊಂಡು ಮತ್ತೆ ಹೇಳಿಕೊಡುತ್ತಿದ್ದರು. ನನಗೂ ಪಾಸಾಗುವುದು ಬೇಕಿತ್ತು. ನಮ್ಮೂರು ತುರೋರಿ. ಕುರಿ ಕಾಯುವ, ಬೀರಪ್ಪನಿಗೆ ನಡೆದುಕೊಳ್ಳುವ ಮನೆತನ. ನಮ್ಮ ಮನೆಯಿಂದ ಇಷ್ಟು ದೂರ ಓದಲು ಬಂದ ಮೊದಲ ಹುಡುಗಿ ನಾನು. ಅಪ್ಪ ಬಿಟ್ಟುಹೋಗುವಾಗ ಸಿಟ್ಟಿಲ್ಲದೆ ಹೇಳಿದ್ದ: "ನೋಡವಾ, ಒಂದ್ ಸಲ ನಪಾಸ್ ಆದಿ ಅಂದ್ರ ಸುಮ್ನ ಮನಿಗಿ ಬಂದುಬಿಡು. ನಿಮ್ಮ ಕಾಕಾಗ ಮಾತು ಕೊಟ್ಟೀನಿ." ಚಿಕ್ಕಪ್ಪ ಅದಾಗಲೇ ಒಂದು ವರ ನೋಡಿಟ್ಟಿದ್ದ.

ಹಾಗಿದ್ದೂ ಬಿರಾಜದಾರ ಸರ್ ತರಗತಿಯ ದಿನ ನಾನು ಮುಂದಿನ ಬೆಂಚಿಗೆ ಹೋಗಿ ಕೂರುತ್ತಿದ್ದೆ. ಈ ಮನುಷ್ಯ ಏನು ಹುಡುಕುತ್ತಿದ್ದಾರೆ ಎಂಬ ಕುತೂಹಲ ನನ್ನನ್ನು ಬಿಡುತ್ತಿರಲಿಲ್ಲ.

ಒಮ್ಮೆ ಪ್ರಯೋಗಶಾಲೆಯಲ್ಲಿ ಒದ್ದೆ ಕರಿಮಣ್ಣನ್ನು ಅಂಗೈಯಲ್ಲಿ ದಾರದಂತೆ ಉರುಳಿಸಬೇಕಿತ್ತು. ನನ್ನದು ಅಂಟಿಕೊಂಡು ಬರುತ್ತಲೇ ಇರಲಿಲ್ಲ. "ಹಾಳಾದ ಮಣ್ಣ" ಎಂದು ಗೊಣಗಿದೆ. ಹಿಂದೆ ಸರ್ ನಿಂತಿದ್ದರು.

"ಮನ್ಯಾಗ ಕನ್ನಡ ಏನು?"

"ಹೂಂ ರೀ ಸರ್. ತುರೋರಿ."

"ನಮ್ದು ವಲಾಂಡಿ. ನಾವೂ ಮನ್ಯಾಗ ಕನ್ನಡಾನೇ." ಅವರ ಮನೆತನ ತಲೆಮಾರುಗಳಿಂದ ಅಲ್ಲಿ ಹೊಲ ಉಳುತ್ತ ಬಂದದ್ದು, ಅಣ್ಣ ಈಗಲೂ ಉಳುತ್ತಿರುವುದು ಆಮೇಲೆ ತಿಳಿಯಿತು. "ಮಣ್ಣಿಗಿ ಬೈಬ್ಯಾಡವಾ. ಕೈಗಿ ನೀರ್ ಜಾಸ್ತಿ ಆಗ್ಯದ, ಒರಸ್ಕೊ."

ಅಷ್ಟು ಸಲುಗೆ ಸಿಕ್ಕಿದ್ದೇ ನಾನು ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿಬಿಟ್ಟೆ. ನಮ್ಮ ಸೀಮೆಯಲ್ಲಿ ತೊಂಬತ್ತಮೂರರ ದೊಡ್ಡ ಭೂಕಂಪ ನೋಡದ ಹಿರಿಯರಿಲ್ಲ. ಸರ್ ಆಗ ಶಾಲೆಯ ಹುಡುಗ. ಅದಕ್ಕೇ ಅವರಿಗೆ ಗೋಡೆಯ ಹುಚ್ಚು ಹಿಡಿದಿದೆ ಎಂದು ಕಾಲೇಜಿನಲ್ಲಿ ಎಲ್ಲರೂ ನಂಬಿದ್ದರು.

"ಸರ್, ನೀವು ಗ್ವಾಡಿ ನೋಡೋದು ಆ ಭೂಕಂಪದ ಸಲುವಾಗಿ ಏನ್ರಿ?"

ಅವರು ನಕ್ಕರು. "ಎಲ್ಲಾರೂ ಹಂಗೇ ಅಂತಾರ. ಹೂಂ ಅಂದ್ರ ಅವರಿಗಿ ಸಮಾಧಾನ ಆಗ್ತದ ಅಂತ ನಾನೂ ಒಂದೆರಡು ಸಲ ಹೂಂ ಅಂದೀನಿ. ಖರೆ ಹೇಳ್ಬೇಕಂದ್ರ ಹಂಗೇನಿಲ್ಲ. ನನಗ ನೋಡ್ಲಿಕ್ಕಿ ಛಲೊ ಅನಸ್ತದ, ಅಷ್ಟೇ. ಗ್ವಾಡಿ ಸುಮ್ನ ನಿಂತಂಗ ಕಾಣ್ತದ. ಆದ್ರ ಸುಮ್ನ ನಿಂತಿರಲ್ಲ."

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ನಮ್ಮ ಹುಡುಗಿಯರ ಹಾಸ್ಟೆಲಿನ ಮೂಲೆಯ ಕೋಣೆಗಳಲ್ಲಿ ದೊಡ್ಡ ಬಿರುಕು ಬಿಟ್ಟಿತು. ಅವುಗಳಲ್ಲಿ ಒಂದು ಕೋಣೆ ನನ್ನದು ಮತ್ತು ಅಶ್ವಿನಿಯದು. ಸದ್ಯದಲ್ಲೇ ತಪಾಸಣೆಯ ಸಮಿತಿ ಬರುವುದಿತ್ತು, ಹಾಗಾಗಿ ಸಂಸ್ಥೆಯವರು ಸಿಮೆಂಟಿನ ಗಿಲಾವು ಮಾಡಿಸಿ ಬಣ್ಣ ಹೊಡೆಸಿದರು. ಬಣ್ಣದ ವಾಸನೆ ಹೋಗುವ ಮೊದಲೇ ಬಿರುಕು ಮತ್ತೆ ಬಾಯಿ ತೆರೆಯಿತು.

ನಾನು ಸರ್ ಅವರಿಗೆ ಹೇಳಿದೆ. ಅವರು, ನಾವೆಲ್ಲ ಮರಾಠಿ ರೂಢಿಯಂತೆ ‘ಬಾಯಿ’ ಎಂದು ಕರೆಯುತ್ತಿದ್ದ ವಾರ್ಡನ್ ಅಮ್ಮನ ಒಪ್ಪಿಗೆ ಪಡೆದು ಬಂದು, ಬಾಗಿಲಲ್ಲಿ ನಿಂತು ನೋಡಿ, ಒಂದು ತೆಳ್ಳನೆಯ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿ ಸಿಮೆಂಟಿನಿಂದ ಅಂಟಿಸಿದರು. "ಗ್ವಾಡಿ ಅಲ್ಲಾಡಿದ್ರ ಇದು ಒಡೀತದ. ಒಡದ ದಿನ ನನಗ ಹೇಳ್ರಿ" ಎಂದರು. ಅಂದಿನಿಂದ ತರಗತಿಯ ಪಾಠ ಅದೇ ಆಯಿತು. ಗೋಡೆಯ ನಕ್ಷೆ ಬರೆಯಿರಿ, ಬಿರುಕು ಅಳೆಯಿರಿ, ಕಾರಣ ಹೇಳಿ.

ನಮ್ಮ ತರಗತಿಯ ಮುಂದಾಳು ಮಹೇಶ ಎಂಬ ಉದಗೀರದ ಹುಡುಗ. ಅವನು ಎದ್ದು ನಿಂತು, ಗೋಡೆಯ ಪಕ್ಕದ ಬೇವಿನ ಮರವೇ ಕಾರಣ ಎಂದ. ಮರ ನೀರು ಹೀರುತ್ತದೆ, ಕರಿಮಣ್ಣು ಒಣಗಿ ಕುಗ್ಗುತ್ತದೆ, ಮೂಲೆ ಕುಸಿಯುತ್ತದೆ. ಎಲ್ಲರೂ ಒಪ್ಪಿದೆವು.

"ಮೂಲೆ ಕುಸಿದರೆ ಬಿರುಕು ಎಲ್ಲಿ ಅಗಲವಾಗಬೇಕು?" ಎಂದು ಸರ್ ಕೇಳಿದರು.

"ಮೇಲೆ."

"ಇಲ್ಲಿ?"

ಎಲ್ಲರೂ ನನ್ನ ಕಡೆ ನೋಡಿದರು. ದಿನವೂ ಅದರ ಕೆಳಗೆ ಮಲಗುತ್ತಿದ್ದವಳು ನಾನು. ಬಿರುಕು ಕೆಳಗೆ ಅಗಲವಾಗಿತ್ತು, ಮೇಲೆ ಹೋಗುತ್ತ ಸಣ್ಣಗಾಗಿತ್ತು. ಎಂದರೆ ಮೂಲೆ ಕುಸಿಯುತ್ತಿರಲಿಲ್ಲ, ಏಳುತ್ತಿತ್ತು. ಮನೆ ಕುಸಿಯುವುದು ಗೊತ್ತು, ಮನೆ ಏಳುವುದೂ ಉಂಟು ಎಂದು ನನಗೆ ಅಂದೇ ತಿಳಿದದ್ದು. ಕರಿಮಣ್ಣು ಉಬ್ಬಬೇಕಾದರೆ ಎಲ್ಲಿಂದಲೋ ನೀರು ಬರುತ್ತಿರಬೇಕು. ಬಿರುಬಿಸಿಲಿನಲ್ಲಿ ನೀರೆಲ್ಲಿಯದು? "ಗೊತ್ತಿಲ್ಲ, ನೋಡೋಣ" ಎಂದರು ಸರ್.

ಈ ನೋಡೋಣದ ನಡುವೆ ಪರೀಕ್ಷೆ ಹತ್ತಿರ ಬಂತು, ಪೋರ್ಷನ್ ಅರ್ಧವೂ ಆಗಿರಲಿಲ್ಲ. ಹಿಂದಿನ ವರ್ಷ ಅವರ ವಿಷಯದಲ್ಲಿ ಬಹಳ ಮಂದಿ ನಪಾಸಾಗಿದ್ದರು. ಸರ್ ಅವರನ್ನು ಬದಲಿಸಿ ಜಾಧವ ಸರ್ ಅವರನ್ನು ಕೊಡಿ ಎಂದು ಪ್ರಿನ್ಸಿಪಾಲರಿಗೆ ಅರ್ಜಿ ಕೊಡಲು ಮಹೇಶ ಸಹಿ ಹಾಕಿಸತೊಡಗಿದ. ನನ್ನ ಬಳಿಗೂ ಬಂದ. "ಮೊದಲು ಅವರನ್ನೇ ಕೇಳೋಣ" ಎಂದೆ. "ಹಾಗಾದರೆ ನೀನೇ ಕೇಳು" ಎಂದ.

ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಹೋದೆ. ಸರ್ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಎದುರಿನ ಕುರ್ಚಿಯಲ್ಲಿ ಜಾಧವ ಸರ್ ಉತ್ತರಪತ್ರಿಕೆ ತಿದ್ದುತ್ತಿದ್ದರು.

"ಸರ್, ನೀವು ನೋಟ್ಸ್ ಯಾಕ ಬರಸಲ್ಲ ರೀ?"

ಅವರು ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಡಬ್ಬಿಗೆ ಹಾಕಿದರು.

"ಹುಡುಗ್ರು ಅರ್ಜಿ ಬರೀಲತ್ತಾರ, ಹೌದಿಲ್ಲೊ?"

ಸುಳ್ಳು ಹೇಳಲು ಆಗಲಿಲ್ಲ. "ಹೌದು ರೀ. ನಪಾಸ್ ಆದ್ರ ನನಗ ಮನಿಗಿ ಕರೀತಾರ ಸರ್. ಆದ್ರ ನಿಮ್ಮ ಕ್ಲಾಸ್ ಬಿಡ್ಲಿಕ್ಕೂ ಮನಸ್ಸಿಲ್ಲ."

"ಅವರು ಅನ್ನೋದು ಖರೆ ಅದ" ಎಂದರು. "ಬರಸಬೇಕಂತ ನಿಲ್ತೀನಿ. ಒಂದು ಸಾಲು ಬರಸೋದ್ರಾಗ ಅದು ಖರೆ ಏನು ಅಂತ ನನಗೇ ಅನುಮಾನ ಬರ್ತದ. ಅಲ್ಲೇ ನಿಂದರ್ತೀನಿ. ಇದು ದೊಡ್ಡತನ ಅಲ್ಲವಾ, ಕುಂದು. ಜಾಧವ ಸಾಹೇಬ್ರಿಗಿ ಬರೋದು ನನಗ ಬರಲ್ಲ."

ಅವರು ತಿರುಗಿ ಜಾಧವ ಸರ್ ಅವರಿಗೆ ಮರಾಠಿಯಲ್ಲಿ ವಿಷಯ ಹೇಳಿದರು: ಪರೀಕ್ಷೆಯ ಪಾಠ ನೀವು ತೆಗೆದುಕೊಳ್ಳಿ, ಪ್ರಯೋಗಶಾಲೆಯ ದಿನಗಳು ನನಗಿರಲಿ. ಜಾಧವ ಸರ್ ಕನ್ನಡಕ ತೆಗೆದು ನನ್ನನ್ನೂ ಅವರನ್ನೂ ನೋಡಿ, "ಪ್ರಿನ್ಸಿಪಾಲರಿಗೆ ನಾನು ಹೇಳುತ್ತೇನೆ" ಎಂದರು. ಅಲ್ಲಿಗೆ ಅರ್ಜಿಯ ಕೆಲಸ ಉಳಿಯಲಿಲ್ಲ. ಮಹೇಶನಿಗೆ ಸ್ವಲ್ಪ ನಿರಾಸೆಯಾದ ಹಾಗಿತ್ತು.

ಅದೇ ವಾರ ಒಂದು ಬೆಳಿಗ್ಗೆ ನಾನು ಕಣ್ಣು ಬಿಟ್ಟಾಗ ಗಾಜಿನ ಪಟ್ಟಿ ನಡುವೆ ಸೀಳಿತ್ತು. ನಾನು ಹೇಳಿದ ಕೂಡಲೇ ಸರ್ ಪ್ರಿನ್ಸಿಪಾಲರ ಕೋಣೆಗೆ ಹೋದರು. ಸಂಸ್ಥೆಯ ಅಧ್ಯಕ್ಷರೂ ಅಲ್ಲಿದ್ದರಂತೆ. ಸಮಿತಿ ಬಂದುಹೋಗಲಿ, ಹುಡುಗಿಯರನ್ನು ಹೆದರಿಸಬೇಡಿ ಎಂದರಂತೆ. ಸರ್ ವಾದ ಮಾಡದೆ ಹೊರಬಂದು ನೇರವಾಗಿ ಹಾಸ್ಟೆಲಿಗೆ ನಡೆದು, ವಾರ್ಡನ್ ಬಾಯಿಯವರ ಎದುರು ನಿಂತರು.

"ಗೋಡೆ ಇವತ್ತೇ ಬೀಳುತ್ತದೆ ಎಂದು ನಾನು ಹೇಳುವುದಿಲ್ಲ, ನನಗೆ ಗೊತ್ತಿಲ್ಲ. ಬೀಳುವುದಿಲ್ಲ ಎಂದೂ ಗೊತ್ತಿಲ್ಲ. ಗೊತ್ತಾಗುವವರೆಗೆ ಮಕ್ಕಳು ಇದರ ಕೆಳಗೆ ಮಲಗಬಾರದು."

ಬಾಯಿಯವರು ಬೀಗದ ಕೈ ತೆಗೆದುಕೊಂಡರು. ನಾವು ಹಾಸಿಗೆ, ಟ್ರಂಕು ಹೊತ್ತು ವಾಚನಾಲಯಕ್ಕೆ ಹೋದೆವು. ಅಶ್ವಿನಿಯ ದಿಂಬು, ಬಕೆಟ್ಟುಗಳನ್ನು ಸರ್ ತಾವೇ ಹೊತ್ತು ತಂದುಕೊಟ್ಟರು. ಅವಳು ನಾಚಿಕೆಯಿಂದ ಮುಖ ಎತ್ತಲಿಲ್ಲ.

ಕೋಣೆಗಳು ಖಾಲಿಯಾದ ಮೇಲೆ ಸಂಸ್ಥೆಯವರು ಸುಮ್ಮನಿರಲಾಗದೆ ಮೂಲೆಯ ನೆಲ ಅಗೆಸಿದಾಗ ಅಡಿಪಾಯದ ಮಗ್ಗುಲಲ್ಲಿ ಬಚ್ಚಲಿನ ಪೈಪು ಒಡೆದು ನೀರು ಜಿನುಗುತ್ತಿತ್ತು. ಮಣ್ಣು ಬೆಣ್ಣೆಯಂತಾಗಿತ್ತು. ಓಡಿಬಂದು ಗುಂಡಿಗೆ ಮೊದಲು ಇಳಿದವನು ಮಹೇಶ. ಬೇವಿನ ಮರ ಅಲ್ಲವೆಂದು ಗೊತ್ತಾದರೂ ಅವನ ಮುಖದಲ್ಲಿ ಸೋತ ಕಳೆ ಇರಲಿಲ್ಲ. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ನಗುತ್ತಿದ್ದ. ಅಂದು ಸಂಜೆ, "ಏನೇ ಅನ್ನು, ಪಾಠಕ್ಕೆ ಜಾಧವ ಸರ್ ಅವರೇ ಬೇಕು" ಎಂದ. ನನಗೆ ಅದೂ ಸರಿ ಅನ್ನಿಸಿತು.

ಜಾಧವ ಸರ್ ನೋಟ್ಸ್ ಓದಿ ನಾನು ಪಾಸಾದೆ. ಚಿಕ್ಕಪ್ಪ ನೋಡಿಟ್ಟ ವರ ಬೇರೆ ಮನೆಯ ಅಳಿಯನಾದ. ಬಿರಾಜದಾರ ಸರ್ ಅವರ ಕರಾರು ಮಾತ್ರ ಆ ವರ್ಷದ ಕೊನೆಗೆ ಮುಂದುವರಿಯಲಿಲ್ಲ. ವಿದ್ಯಾರ್ಥಿಗಳ ಅಭಿಪ್ರಾಯ ಚೆನ್ನಾಗಿಲ್ಲ ಎಂದು ಸಂಸ್ಥೆಯವರು ಕಾರಣ ಕೊಟ್ಟರು. ಕೇಳಿ ಅಶ್ವಿನಿ ಅತ್ತಳು. ಸರ್ ಖರಾಬ ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವಳು ತಾನೇ, ಅದರಲ್ಲಿ ಸುಳ್ಳಿರಲಿಲ್ಲ, ಆದರೂ ಅದು ಹೀಗೆ ಉಪಯೋಗವಾಗಬಾರದಿತ್ತು ಎನ್ನುತ್ತಿದ್ದಳು.

ನಾನೀಗ ಉಮರ್ಗಾದಲ್ಲಿ ರಸ್ತೆ ಕೆಲಸದ ಕಚೇರಿಯಲ್ಲಿದ್ದೇನೆ. ಹೋದ ವರ್ಷ ಅಡ್ಮಿಶನ್ ದಿನಗಳಲ್ಲಿ ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಸರ್ ಸಿಕ್ಕರು. ತಲೆ ಪೂರ್ತಿ ನೆರೆತಿತ್ತು. ಪಕ್ಕದಲ್ಲಿ ಅವರ ಮಗಳು ಶ್ರದ್ಧಾ. ಸರ್ ಈಗ ಡಿಪ್ಲೊಮಾ ಮಕ್ಕಳಿಗೆ ಕಲಿಸುತ್ತಿದ್ದರು. ಮಗಳನ್ನು ಇಂಜಿನಿಯರಿಂಗಿಗೆ ಸೇರಿಸಲು ಸೊಲ್ಲಾಪುರಕ್ಕೆ ಹೊರಟಿದ್ದರು.

ನನ್ನ ತಮ್ಮನೂ ಸೊಲ್ಲಾಪುರದ ಅದೇ ಕಾಲೇಜಿನಲ್ಲಿ ಓದುತ್ತಿದ್ದಾನೆ ಎಂದೆ. "ಹಂಗಾದ್ರ ನಿನಗ ಗೊತ್ತಿರ್ತದ" ಎಂದರು. "ಅಲ್ಲಿ ಕಲಿಸೋರು ಹ್ಯಾಂಗ ಅದಾರ?"

ತಮ್ಮನಿಂದ ಕೇಳಿದ್ದನ್ನೇ ಹೇಳಿದೆ. ಒಬ್ಬರು ಎಲ್ಲ ಬರೆಸುತ್ತಾರೆ, ಹುಡುಗರು ಅವರನ್ನು ಹೊಗಳುತ್ತಾರೆ. ಇನ್ನೊಬ್ಬ ಮೇಡಂ ಬರೀ ಪ್ರಶ್ನೆ ಕೇಳುತ್ತಾರೆ, ಅವರನ್ನು ಬೈಯುತ್ತಾರೆ.

ಸರ್ ಮಗಳ ಕಡೆ ನೋಡಿದರು. "ಈಕಿಗಿ ಆ ಬರಸೋರೇ ಸಿಗಲಿ."

"ನೀವು ಹಂಗ ಅಂತೀರಿ ಸರ್?"

"ಏನ್ ಮಾಡೂದವಾ. ತಂದಿ ಆದಮ್ಯಾಲ ಧೈರ್ಯ ಕಡಿಮಿ ಆಗ್ತದ" ಎಂದು ನಕ್ಕು, ಬಸ್ಸು ವಿಚಾರಿಸಲು ಹೋದರು.

ಅವರು ದೂರ ಹೋದದ್ದು ನೋಡಿ ಶ್ರದ್ಧಾ ನನ್ನ ಹತ್ತಿರ ಸರಿದಳು. "ಅಕ್ಕಾ, ಅಪ್ಪ ಹ್ಯಾಂಗ ಕಲಸ್ತಿದ್ರು? ಖರೆ ಹೇಳ್ರಿ."

"ಪರೀಕ್ಷಾಕ್ಕ ಉಪಯೋಗ ಆಗ್ತಿದ್ದಿಲ್ಲ" ಎಂದೆ. "ನಾನೂ ಬ್ಯಾರೆಯವರ ನೋಟ್ಸ್ ಓದಿ ಪಾಸ್ ಆದಾಕಿ."

ಅವಳ ಮುಖ ಸ್ವಲ್ಪ ಬಾಡಿತು.

"ಆದ್ರ ಅವರ ಕ್ಲಾಸ್ ಮಾತ್ರ ನಾ ಎಂದೂ ತಪ್ಪಸಲಿಲ್ಲ."

"ಯಾಕ್ರಿ?"

"ಮುಂದ ಏನಾಗ್ತದ ನೋಡ್ಬೇಕು ಅನಸ್ತಿತ್ತು."

ಅವಳಿಗೆ ಈ ಉತ್ತರ ಸಾಕಾದಂತೆ ಕಾಣಲಿಲ್ಲ. ಇನ್ನೇನೋ ಕೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಸೊಲ್ಲಾಪುರದ ಬಸ್ಸು ಬಂತು. ಸರ್ ಅಲ್ಲಿಂದಲೇ ಕೈ ಮಾಡಿ ಕರೆದರು. ಸರ್ ಅವರನ್ನು ನಾನು ಕೊನೆಯದಾಗಿ ನೋಡಿದ್ದು ಕಿಟಕಿಯ ಪಕ್ಕದ ಸೀಟಿನಲ್ಲಿ. ಬಸ್ಸು ಹೆದ್ದಾರಿಯ ಕಡೆ ಹೊರಳುವಾಗ ತಂದೆ ಮಗಳು ಯಾವುದೋ ವಾದಕ್ಕೆ ಬಿದ್ದಿದ್ದರು. ಕೇಳುತ್ತಿದ್ದವಳು ಮಗಳು, ಸರ್ ತಲೆ ಕೆರೆದುಕೊಳ್ಳುತ್ತ ಉತ್ತರ ಹುಡುಕುತ್ತಿದ್ದರು.